ಹೊಸ ಸ್ಪೋರ್ಟ್ಸ್ ಬೈಕ್: ಪಳಗಿಸುವುದು, ನಿಲ್ಲಿಸುವುದು, ಸಾಕುವುದು

ಷೋರೂಮಿನಿಂದ ಈಗಷ್ಟೇ ಹೊರಬಂದ ಬೈಕಿನಲ್ಲಿ ಮೂರು ಜೋಡಿಗಳು ಇನ್ನೂ ಹೊಂದಿಕೊಂಡಿರುವುದಿಲ್ಲ. ಪಿಸ್ಟನ್ನಿನ ರಿಂಗಿಗೂ ಸಿಲಿಂಡರಿನ ಒಳಗೋಡೆಗೂ ಒಗ್ಗಿಲ್ಲ, ಬ್ರೇಕ್ ಪ್ಯಾಡಿಗೂ ಡಿಸ್ಕಿಗೂ ಒಗ್ಗಿಲ್ಲ, ಟೈರಿಗೂ ರಸ್ತೆಗೂ ಒಗ್ಗಿಲ್ಲ. ನಾಲ್ಕನೆಯ ಜೋಡಿ ನಿಮ್ಮ ಕೈ ಮತ್ತು ಆ ಬೈಕು. ಮೊದಲ ಸಾವಿರ ಕಿಲೋಮೀಟರುಗಳಲ್ಲಿ ಎಲ್ಲರ ಗಮನವೂ ಎಂಜಿನ್ನಿನ ಮೇಲಿರುತ್ತದೆ. ಆದರೆ ಎಂಜಿನ್ ಸ್ವಲ್ಪ ಒರಟಾಗಿ ಪಳಗಿದರೆ ಹೋಗುವುದು ಒಂದಿಷ್ಟು ಎಣ್ಣೆ, ಒಂದಿಷ್ಟು ಮೈಲೇಜು. ಬ್ರೇಕ್ ಹಿಡಿಯುವ ಕೈ ಪಳಗದಿದ್ದರೆ ಹೋಗುವುದು ಜೀವ. ಆದ್ದರಿಂದ ಈ ಬರಹದಲ್ಲಿ ಬ್ರೇಕಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ನನ್ನ ಮುಂದಿರುವ ಉದಾಹರಣೆ ನಾನೇ ಓಡಿಸುವ ಯಮಾಹಾ ಆರ್15. 2008ರಲ್ಲಿ ನಮ್ಮ ದೇಶದ ರಸ್ತೆಗೆ ಬಂದ ಈ ಬೈಕಿನ ನಾಲ್ಕನೆಯ ಆವೃತ್ತಿ 2021ರಲ್ಲಿ ಬಂತು. 155 ಸಿಸಿ, ನೀರಿನಿಂದ ತಣಿಯುವ ಒಂಟಿ ಸಿಲಿಂಡರ್, ಆರು ಗೇರ್, ಎರಡೂ ಚಕ್ರಕ್ಕೆ ಡಿಸ್ಕ್ ಮತ್ತು ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ವ್ಯವಸ್ಥೆ. ನಿಮ್ಮದು ಕೆಟಿಎಂ ಆರ್‌ಸಿ ಆಗಿರಲಿ, ಅಪಾಚೆ ಆರ್‌ಆರ್ 310 ಆಗಿರಲಿ, ಕ್ರಮ ಇದೇ. ಅಂಕಿಗಳು ಮಾತ್ರ ಬೇರೆ, ಅವು ಬೈಕಿನ ಜೊತೆ ಕೊಟ್ಟ ಕೈಪಿಡಿಯಲ್ಲಿರುತ್ತವೆ. ಆ ಕೈಪಿಡಿ ಸೀಟಿನಡಿ ಪ್ಲಾಸ್ಟಿಕ್ ಚೀಲದಲ್ಲೇ ಉಳಿಯದಿರಲಿ. ಬೈಕ್ ಮನೆಗೆ ಬಂದ ರಾತ್ರಿಯೇ ಅದನ್ನು ಓದಿ.

ಎಂಜಿನ್ ಪಳಗಿಸುವುದು

ಸಿಲಿಂಡರಿನ ಗೋಡೆ ಕಣ್ಣಿಗೆ ನುಣುಪಾಗಿ ಕಂಡರೂ ಅದರಲ್ಲಿ ಸೂಕ್ಷ್ಮವಾದ ಒರಟುತನ ಇರುತ್ತದೆ. ರಿಂಗಿನ ಅಂಚು ಆ ಒರಟಿನ ಮೇಲೆ ಉಜ್ಜಿ ಉಜ್ಜಿ ಗೋಡೆಯ ಆಕಾರಕ್ಕೆ ಬರಬೇಕು. ಹಾಗೆ ಬಂದಾಗಲೇ ಉರಿಯುವ ಅನಿಲ ಕೆಳಗೆ ಸೋರುವುದಿಲ್ಲ, ಕೆಳಗಿನ ಎಣ್ಣೆ ಮೇಲೆ ಹತ್ತಿ ಸುಡುವುದಿಲ್ಲ. ರಿಂಗನ್ನು ಗೋಡೆಗೆ ಒತ್ತುವ ಶಕ್ತಿಯಲ್ಲಿ ದೊಡ್ಡ ಪಾಲು ಉರಿಯುವ ಅನಿಲದ್ದೇ. ಇದು ತಿಳಿದರೆ ಎರಡು ತಪ್ಪುಗಳಿಂದ ಪಾರಾಗಬಹುದು. ಒಂದು, ಮೊದಲ ದಿನವೇ ಮೀಟರಿನ ಕೆಂಪು ಗೆರೆಯವರೆಗೆ ಥ್ರಾಟಲ್ ತಿರುಚುವುದು: ಉಜ್ಜಾಟದ ಬಿಸಿ ಮಿತಿ ಮೀರಿ ಲೋಹ ಲೋಹವನ್ನು ಗೀರುತ್ತದೆ. ಇನ್ನೊಂದು, ತೀರಾ ಮೆತ್ತಗೆ, ಸಾವಿರ ಕಿಲೋಮೀಟರೂ ನಲವತ್ತರ ವೇಗದಲ್ಲಿ ತಳ್ಳುವುದು: ರಿಂಗಿಗೆ ಒತ್ತಡವೇ ಸಿಗದೆ ಅದು ಅರ್ಧಂಬರ್ಧ ಕೂರುತ್ತದೆ. ಹೋರಿಯನ್ನು ನೊಗಕ್ಕೆ ಪಳಗಿಸುವವರು ಮೊದಲ ದಿನವೇ ತುಂಬಿದ ಗಾಡಿ ಕಟ್ಟುವುದಿಲ್ಲ, ಹಾಗೆಂದು ಕೊಟ್ಟಿಗೆಯಲ್ಲೇ ನಿಲ್ಲಿಸಿಯೂ ಇಡುವುದಿಲ್ಲ.

ಕೈಪಿಡಿ ಹೇಳುವ ಮಿತಿಯೇ ಮೊದಲ ಮಾತು. ಅದರೊಳಗೆ ನಾನು ಅನುಸರಿಸಿದ್ದು ಹೀಗೆ. ಮೊದಲ 500 ಕಿಲೋಮೀಟರ್ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಹೆಚ್ಚೆಂದರೆ ಐದು ಸಾವಿರದ ಆಸುಪಾಸು. ಅಲ್ಲಿಂದ 1000ದವರೆಗೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗುವುದು. ಆರ್15ರಲ್ಲಿ ಇದಕ್ಕೊಂದು ಸುಲಭದ ಗುರುತಿದೆ: 7400 ಆರ್‌ಪಿಎಂ ಹತ್ತಿರ ವಾಲ್ವಿನ ಚಲನೆ ಬದಲಾಗಿ ಮೀಟರಿನಲ್ಲಿ ವಿವಿಎ ಎಂಬ ಅಕ್ಷರಗಳು ಮೂಡುತ್ತವೆ. ಸಾವಿರ ಕಿಲೋಮೀಟರ್ ಆಗುವವರೆಗೂ ಆ ಅಕ್ಷರಗಳು ಮೂಡದಂತೆ ನೋಡಿಕೊಂಡೆ.

ಮಿತಿಗಿಂತ ಮುಖ್ಯವಾದದ್ದು ಏರಿಳಿತ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗಬೇಡಿ. ಮೂರನೆಯ ಗೇರಿನಲ್ಲಿ ಹದವಾಗಿ ವೇಗ ಹೆಚ್ಚಿಸಿ, ಥ್ರಾಟಲ್ ಬಿಟ್ಟು ಎಂಜಿನ್ನಿನ ತಡೆಯಲ್ಲೇ ವೇಗ ಇಳಿಯಲು ಬಿಡಿ, ಮತ್ತೆ ಹೆಚ್ಚಿಸಿ. ಈ ಕೆಲಸಕ್ಕೆ ಹೆದ್ದಾರಿಗಿಂತ ತಾಲ್ಲೂಕು ರಸ್ತೆಗಳು ಒಳ್ಳೆಯವು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ರಸ್ತೆಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. ಹೊಸ ಎಂಜಿನ್ನಿಗೆ ಅದರಿಂದ ನಷ್ಟವೇನಿಲ್ಲ. ಊರು ಬಂದಾಗ ನಿಧಾನ, ಊರು ದಾಟಿದಾಗ ವೇಗ, ನಡುವೆ ನಾಲ್ಕು ಏರು ಇಳಿಜಾರು ಇರುವ ರಸ್ತೆ ರಿಂಗಿಗೆ ಬೇಕಾದ ಎಲ್ಲವನ್ನೂ ಕೊಡುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಥ್ರಾಟಲ್ ತಿರುಚಿ ಗುರ್ ಎನ್ನಿಸಬೇಡಿ. ಎಣ್ಣೆ ಇನ್ನೂ ಮೇಲೆ ವಾಲ್ವುಗಳನ್ನು ತೆರೆಯುವ ಕ್ಯಾಮಿನವರೆಗೆ ಸರಿಯಾಗಿ ತಲುಪಿರುವುದಿಲ್ಲ. ಒಂದು ನಿಮಿಷ ಬಿಟ್ಟು ಹೊರಡಿ, ಮೊದಲ ನಾಲ್ಕೈದು ಕಿಲೋಮೀಟರ್ ನಿಧಾನವಾಗಿ ಹೋಗಿ. ದೊಡ್ಡ ಗೇರಿನಲ್ಲಿ ಕಡಿಮೆ ವೇಗಕ್ಕೆ ಎಂಜಿನ್ ಗುದ್ದಾಡುವಂತೆ ಎಳೆಸುವುದು ಹೆಚ್ಚು ಆರ್‌ಪಿಎಂನಷ್ಟೇ ಕೆಟ್ಟದ್ದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಘಾಟಿ ಹತ್ತುವುದು ಮೊದಲ ಸರ್ವಿಸ್ ಆದ ಮೇಲಾಗಲಿ.

ಆ ಮೊದಲ ಸರ್ವಿಸನ್ನು ಒಂದು ದಿನವೂ ಮುಂದೂಡಬೇಡಿ. ಉಜ್ಜಾಟದಲ್ಲಿ ಉದುರಿದ ಲೋಹದ ಪುಡಿಯೆಲ್ಲ ಆಗ ಎಣ್ಣೆಯಲ್ಲೇ ತೇಲುತ್ತಿರುತ್ತದೆ. ಮುಂದೆ ನಿಂತು ಹಳೆಯ ಎಣ್ಣೆ ಸುರಿಯುವುದನ್ನು ನೋಡಿ. ಬಿಸಿಲಿಗೆ ಹಿಡಿದರೆ ಬೆಳ್ಳಿಯ ಧೂಳಿನಂತೆ ಮಿನುಗುತ್ತದೆ. ಮೊದಲ ಸಲ ಅದು ಸಹಜ. ಬೆರಳಿಗೆ ಸಿಗುವಂಥ ಚೂರುಗಳಿದ್ದರೆ ಮಾತ್ರ ಕಾರಣ ಕೇಳಬೇಕು. ಹೊಸ ಎಣ್ಣೆಯ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂಬ ಗುರುತು ಇರಲೇಬೇಕು. ಬೈಕಿನಲ್ಲಿ ಕ್ಲಚ್ಚಿನ ತಟ್ಟೆಗಳೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಕಾರಿನ ಎಣ್ಣೆಗೆ ಸೇರಿಸುವ ಜಾರುಗುಣದ ರಾಸಾಯನಿಕಗಳು ಕ್ಲಚ್ ಜಾರುವಂತೆ ಮಾಡುತ್ತವೆ. ಎಣ್ಣೆ ಕಡಿಮೆಯಾದರೆ ಕೇಡು ಎಂದು ಎಲ್ಲರಿಗೂ ಗೊತ್ತು, ಹೆಚ್ಚಾದರೂ ಕೇಡೇ. ಅಳತೆಯ ಎರಡು ಗೆರೆಗಳ ನಡುವೆ ಇರಬೇಕು.

ಪ್ಯಾಡ್ ಮತ್ತು ಟೈರ್

ಹೊಸ ಪ್ಯಾಡ್ ಡಿಸ್ಕನ್ನು ಪೂರ್ತಿ ಮುಟ್ಟುವುದಿಲ್ಲ, ಅಲ್ಲಲ್ಲಿ ಮಾತ್ರ ಮುಟ್ಟುತ್ತದೆ. ಹೀಗಾಗಿ ಮೊದಲ ದಿನ ಬ್ರೇಕ್ ಸ್ವಲ್ಪ ಮಂಕಾಗಿರುತ್ತದೆ. ಅದನ್ನು ಕೂರಿಸಲು ವಾಹನ ಸಂಚಾರವಿಲ್ಲದ, ಒಣಗಿದ, ನೇರವಾದ ರಸ್ತೆ ಬೇಕು.

1. ಗಂಟೆಗೆ 50 ಕಿಲೋಮೀಟರ್ ವೇಗಕ್ಕೆ ಬನ್ನಿ. ಮುಂದಿನ ಬ್ರೇಕನ್ನು ಮಧ್ಯಮ ಬಲದಲ್ಲಿ ಹಿಡಿದು 10ಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ.
2. ಬ್ರೇಕ್ ಬಿಟ್ಟು ಅರ್ಧ ಕಿಲೋಮೀಟರಿನಷ್ಟು ಸುಮ್ಮನೆ ಹೋಗಿ, ಡಿಸ್ಕಿಗೆ ಗಾಳಿ ತಾಗಲಿ.
3. ಹೀಗೆ ಹತ್ತು ಹನ್ನೆರಡು ಸಲ ಮಾಡಿ. ಪ್ರತಿ ಸಲ ಹಿಡಿತ ಸ್ವಲ್ಪ ಗಟ್ಟಿಯಾಗಲಿ. ಹಿಂದಿನ ಬ್ರೇಕಿಗೆ ಇದೇ ಕ್ರಮ, ಇನ್ನಷ್ಟು ಹಗುರವಾಗಿ.
4. ಕೊನೆಗೆ ಐದು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ.

ಪೂರ್ತಿ ನಿಲ್ಲಿಸಬಾರದು ಎಂದದ್ದಕ್ಕೆ ಕಾರಣವಿದೆ. ಕಾದ ಡಿಸ್ಕನ್ನು ಪ್ಯಾಡ್ ಒಂದೇ ಜಾಗದಲ್ಲಿ ಕಚ್ಚಿ ನಿಂತರೆ ಅಲ್ಲಿ ಪ್ಯಾಡಿನ ವಸ್ತು ಅಂಟಿಕೊಳ್ಳುತ್ತದೆ. ಮುಂದೆ ಬ್ರೇಕ್ ಹಿಡಿದಾಗಲೆಲ್ಲ ಲಿವರ್ ಮಿಡಿಯುತ್ತದೆ. ಡಿಸ್ಕ್ ಬಾಗಿದೆ ಎಂದುಕೊಂಡು ಹೊಸದು ಹಾಕಿಸುವವರಿದ್ದಾರೆ, ಎಷ್ಟೋ ಸಲ ಅದು ಅಂಟಿದ ಪ್ಯಾಡಷ್ಟೇ ಆಗಿರುತ್ತದೆ.

ಟೈರಿನ ವಿಷಯ ಚಿಕ್ಕದು. ಹೊಸ ರಬ್ಬರಿನ ಮೇಲ್ಮೈ ಹೊಳಪಾಗಿ, ಜಾರುವಂತೆ ಇರುತ್ತದೆ. ಮೊದಲ 150 ಕಿಲೋಮೀಟರ್ ಥಟ್ಟನೆ ಥ್ರಾಟಲ್, ಥಟ್ಟನೆ ಬ್ರೇಕ್, ಆಳವಾಗಿ ವಾಲುವುದು ಬೇಡ. ವಾಲುವುದನ್ನು ದಿನದಿನಕ್ಕೆ ಸ್ವಲ್ಪ ಹೆಚ್ಚಿಸಿದರೆ ಅಂಚಿನ ರಬ್ಬರೂ ಮಾಗುತ್ತದೆ.

ಬ್ರೇಕ್ ಹಿಡಿಯುವ ಕೈ

ಮೊದಲು ಒಂದು ಲೆಕ್ಕ. ಒಣ ಡಾಂಬರಿನ ಮೇಲೆ ಪಳಗಿದ ಸವಾರ ಪ್ರತಿ ಸೆಕೆಂಡಿಗೂ ತನ್ನ ವೇಗವನ್ನು ಸೆಕೆಂಡಿಗೆ 7 ಮೀಟರಿನಷ್ಟು ತಗ್ಗಿಸುತ್ತಾನೆ ಎಂದುಕೊಳ್ಳಿ. ಅಪಾಯ ಕಂಡು ಕೈ ಲಿವರಿಗೆ ಹೋಗಲು ಒಂದು ಸೆಕೆಂಡ್ ಎಂದುಕೊಳ್ಳಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಆ ಒಂದು ಸೆಕೆಂಡಿಗೆ 11 ಮೀಟರ್, ಬ್ರೇಕಿಗೆ 9 ಮೀಟರ್, ಒಟ್ಟು 20. ವೇಗ 80 ಆದರೆ 22 ಮತ್ತು 35, ಒಟ್ಟು 57. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟು. ಹಸು ಅಡ್ಡ ಬಂದಾಗ ಈ ಲೆಕ್ಕ ನೆನಪಾಗುವುದಿಲ್ಲ, ಅದಕ್ಕೇ ಮನೆಯಲ್ಲೇ ಕುಳಿತು ಮಾಡಿಕೊಳ್ಳಬೇಕು.

ಸೈಕಲ್ ಕಾಲದಿಂದ ನಮ್ಮಲ್ಲಿ ಒಂದು ಭಯ ಉಳಿದಿದೆ: ಮುಂದಿನ ಬ್ರೇಕ್ ಹಿಡಿದರೆ ಮುಗ್ಗರಿಸುತ್ತೇವೆ ಎಂದು. ನಿಜ ಇದರ ವಿರುದ್ಧ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬಾಗಿ ಮುಂದಿನ ಟೈರನ್ನು ರಸ್ತೆಗೆ ಒತ್ತುತ್ತದೆ, ಹಿಂದಿನ ಟೈರ್ ಹಗುರವಾಗುತ್ತದೆ. ನಿಲ್ಲಿಸುವ ಬಲದ ಬಹುಪಾಲು ಇರುವುದು ಮುಂದೆಯೇ. ಕಾಲಿನ ಬ್ರೇಕ್ ಒಂದನ್ನೇ ನಂಬಿದವನು ನಿಲ್ಲುವಷ್ಟರಲ್ಲಿ ಹಸುವನ್ನು ದಾಟಿರುತ್ತಾನೆ ಅಥವಾ ಹಸುವಿಗೆ ಬಡಿದಿರುತ್ತಾನೆ.

ಆದರೆ ಮುಂದಿನ ಟೈರಿಗೆ ಆ ಹಿಡಿತ ಬರಲು ಒಂದು ಕ್ಷಣವಾದರೂ ಬೇಕು. ಭಾರ ಬಾಗುವ ಮುನ್ನವೇ ಲಿವರನ್ನು ಜಗ್ಗಿದರೆ ಚಕ್ರ ಕಟ್ಟಿಕೊಂಡು ಜಾರುತ್ತದೆ. ಆದ್ದರಿಂದ ಎರಡು ಹಂತ: ಮೊದಲು ಮುಟ್ಟಿ ಒರಗುವುದು, ಮುಂದಿನ ಚಕ್ರವನ್ನು ಹಿಡಿದ ಫೋರ್ಕ್ ಕೆಳಗಿಳಿದದ್ದು ಕೈಗೆ ತಿಳಿದ ಕ್ಷಣ ಗಟ್ಟಿಯಾಗಿ ಹಿಂಡುವುದು. ಹಾಲು ಕರೆದು ಗೊತ್ತಿದ್ದವರಿಗೆ ಇದು ಬೇಗ ಬರುತ್ತದೆ. ಕೆಚ್ಚಲನ್ನು ಜಗ್ಗಿದರೆ ಹಸು ಒದೆಯುತ್ತದೆ, ಬೆರಳುಗಳನ್ನು ಒಂದರ ಹಿಂದೊಂದು ಬಿಗಿದರೆ ಹಾಲು ಇಳಿಯುತ್ತದೆ.

ಕಲಿಯಲು ಭಾನುವಾರ ಬೆಳಿಗ್ಗೆ ಖಾಲಿಯಿರುವ ಯಾವುದಾದರೂ ಬಡಾವಣೆಯ ಡಾಂಬರು ರಸ್ತೆ ಸಾಕು. ಹೆಲ್ಮೆಟ್, ಜಾಕೆಟ್, ಕೈಗವಸು, ಬೂಟು ಇಲ್ಲದೆ ಬೇಡ. ನೋಡಿಕೊಳ್ಳಲು ಒಬ್ಬ ಗೆಳೆಯ ಜೊತೆಗಿರಲಿ. ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. 30ರ ವೇಗದಲ್ಲಿ ಬಂದು, ಮುಂದಿನ ಚಕ್ರ ಗೆರೆ ಮುಟ್ಟಿದಾಗ ಬ್ರೇಕ್ ಆರಂಭಿಸಿ, ನಿಂತ ಜಾಗದಲ್ಲಿ ಇನ್ನೊಂದು ಗೆರೆ. ಹತ್ತು ಸಲ ಆದ ಮೇಲೆ ಗೆರೆಗಳು ಹತ್ತಿರ ಬರುತ್ತಾ ಹೋಗುತ್ತವೆ. ಆಮೇಲೆ 40, ಆಮೇಲೆ 50. ಒಂದೇ ದಿನ ಮುಗಿಸುವ ಆತುರ ಬೇಡ.

ಕೈಯಷ್ಟೇ ಮೈಯೂ ಮುಖ್ಯ. ಸ್ಪೋರ್ಟ್ಸ್ ಬೈಕಿನಲ್ಲಿ ಹ್ಯಾಂಡಲ್ ತಗ್ಗಿನಲ್ಲಿರುವುದರಿಂದ ಬ್ರೇಕ್ ಹಿಡಿದಾಗ ದೇಹದ ಭಾರವೆಲ್ಲ ಮುಂಗೈಗೆ ಬೀಳುತ್ತದೆ. ಭಾರ ಹೊತ್ತ ಕೈ ಲಿವರನ್ನು ಸೂಕ್ಷ್ಮವಾಗಿ ಆಡಿಸಲಾರದು. ಎರಡೂ ಮಂಡಿಗಳಿಂದ ಟ್ಯಾಂಕನ್ನು ಬಿಗಿಯಾಗಿ ಅಮುಕಿ, ಸೊಂಟದಲ್ಲಿ ಭಾರ ತಡೆದುಕೊಳ್ಳಿ. ಮೊಣಕೈ ಸ್ವಲ್ಪ ಮಡಿದಿರಲಿ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ನೀವು ನಿಲ್ಲಬೇಕಾದ ಜಾಗದಾಚೆಗೆ ಇರಲಿ. ಕ್ಲಚ್ಚನ್ನು ಮೊದಲೇ ಒತ್ತಿಬಿಟ್ಟರೆ ಎಂಜಿನ್ನಿನ ತಡೆ ಕೈತಪ್ಪುತ್ತದೆ. ವೇಗ ಇಳಿದಂತೆ ಒಂದೊಂದೇ ಗೇರ್ ಇಳಿಸಿ, ಕೊನೆಯಲ್ಲಿ ಕ್ಲಚ್ ಒತ್ತಿ. ನಿಜವಾದ ಆಪತ್ತಿನಲ್ಲಿ ಗೇರಿನ ಗೊಡವೆಯೇ ಬೇಡ, ನಿಲ್ಲುವುದೊಂದೇ ಕೆಲಸ.

125 ಸಿಸಿಗಿಂತ ದೊಡ್ಡ ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಮಾರಾಟದಲ್ಲಿದ್ದ ಹಳೆಯ ಮಾದರಿಗಳಿಗೂ 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಎಬಿಎಸ್ ಕಡ್ಡಾಯವಾಗಿದೆ. ಅದು ಕೆಲಸ ಮಾಡುವಾಗ ಲಿವರ್ ಬೆರಳಿನಡಿ ಗಡಗಡ ನಡುಗುತ್ತದೆ. ಮೊದಲ ಸಲ ನಡುಗಿದಾಗ ಹೆದರಿ ಕೈ ಬಿಡುವವರೇ ಹೆಚ್ಚು. ಬಿಡಬಾರದು, ಹಿಡಿದೇ ಇರಬೇಕು. ಈ ನಡುಕದ ಪರಿಚಯವನ್ನು ಖಾಲಿ ರಸ್ತೆಯಲ್ಲೇ ಮಾಡಿಕೊಳ್ಳಿ. ಜಲ್ಲಿ, ಮರಳು, ಸಡಿಲ ಮಣ್ಣಿನ ಮೇಲೆ ಎಬಿಎಸ್ ನಿಲ್ಲಿಸುವ ದೂರವನ್ನು ಹೆಚ್ಚಿಸಬಹುದು. ಬೈಕು ವಾಲಿರುವಾಗ ಆರ್15ರಂಥ ಬೈಕುಗಳ ಎಬಿಎಸ್ ಆ ವಾಲನ್ನು ಅರಿಯುವುದಿಲ್ಲ. ಟೈರಿನ ಹಿಡಿತ ಒಂದು ರೊಟ್ಟಿಯಿದ್ದಂತೆ: ತಿರುವು ಮುಕ್ಕಾಲು ತಿಂದರೆ ಬ್ರೇಕಿಗೆ ಉಳಿಯುವುದು ಕಾಲು. ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಿ. ತಿರುವಿನ ನಡುವೆ ಅನಿವಾರ್ಯವಾದರೆ ಬೈಕನ್ನು ನೆಟ್ಟಗೆ ಮಾಡಿ, ಆಮೇಲೆ ಗಟ್ಟಿಯಾಗಿ ಹಿಡಿಯಿರಿ.

ನಮ್ಮ ರಸ್ತೆಗಳ ಎರಡು ಪರೀಕ್ಷೆ

ಸುಗ್ಗಿಯ ಕಾಲದಲ್ಲಿ ಮಂಡ್ಯ, ತುಮಕೂರು, ಹಾಸನ, ಚಾಮರಾಜನಗರದ ಕಡೆ ರಾಗಿ, ಹುರುಳಿಯನ್ನು ರಸ್ತೆಗೇ ಹರಡಿ ಒಕ್ಕಣೆ ಮಾಡುತ್ತಾರೆ. ತಿರುವು ದಾಟಿದೊಡನೆ ಮುಂದೆ ಮೊಣಕಾಲೆತ್ತರದ ಹುಲ್ಲು. ಅದರ ಮೇಲೆ ಟೈರಿಗೆ ಹಿಡಿತವೆಂಬುದೇ ಇಲ್ಲ. ನಾನು ಒಮ್ಮೆ ಹುರುಳಿ ಸೊಪ್ಪಿನ ಮೇಲೆ ಮುಂದಿನ ಬ್ರೇಕ್ ಮುಟ್ಟಿದೆ. ಬಿದ್ದದ್ದು ಗೊತ್ತಾದದ್ದು ಬಿದ್ದ ಮೇಲೆಯೇ. ಹುಲ್ಲು ಕಂಡೊಡನೆ, ಅದನ್ನು ತಲುಪುವ ಮೊದಲು, ಬ್ರೇಕ್ ಕೆಲಸವೆಲ್ಲ ಮುಗಿಯಬೇಕು. ಹುಲ್ಲಿನ ಮೇಲೆ ನೇರವಾಗಿ, ಎರಡನೇ ಗೇರಿನಲ್ಲಿ, ಥ್ರಾಟಲ್ ಕದಲಿಸದೆ, ಬ್ರೇಕ್ ಮುಟ್ಟದೆ ದಾಟಿ. ದಾಟಿದ ಮೇಲೆ ನಿಲ್ಲಿಸಿ ಚೈನು ಮತ್ತು ಸೈಲೆನ್ಸರಿಗೆ ಸುತ್ತಿದ ಹುಲ್ಲನ್ನು ಬಿಡಿಸಿ. ಒಣಹುಲ್ಲು ಕಾದ ಸೈಲೆನ್ಸರಿಗೆ ತಗುಲಿದರೆ ಬೆಂಕಿ ಹತ್ತುತ್ತದೆ.

ಇನ್ನೊಂದು, ಘಾಟಿ ಇಳಿಯುವುದು. ಆಗುಂಬೆಯ ಹದಿನಾಲ್ಕು ಹಿಮ್ಮುರಿ ತಿರುವುಗಳನ್ನು ಮಳೆಯಲ್ಲಿ ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಹಿಡಿದೇ ಇದ್ದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನಲ್ಲಿರುವ ಬ್ರೇಕ್ ದ್ರವ ಕಾಯುತ್ತದೆ. ಡಾಟ್ 4 ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವವನ್ನು ಹೀರುತ್ತದೆ. ಹೀರಿದ ಮೇಲೆ ಅದಕ್ಕಿರುವ ಕನಿಷ್ಠ ಅಳತೆ 155 ಡಿಗ್ರಿ ಮಾತ್ರ. ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ, ಗುಳ್ಳೆ ಅಮುಕಿದರೆ ಅಮುಕಿಕೊಳ್ಳುತ್ತದೆ, ಲಿವರ್ ಹ್ಯಾಂಡಲಿಗೆ ತಾಗಿದರೂ ಬ್ರೇಕ್ ಇರುವುದಿಲ್ಲ. ಆದ್ದರಿಂದ ಹತ್ತುವಾಗ ಹಾಕಿದ ಗೇರಿನಲ್ಲೇ ಇಳಿಯಿರಿ, ಎಂಜಿನ್ನೇ ತಡೆಯಲಿ. ತಿರುವಿಗೆ ಮುನ್ನ ಗಟ್ಟಿಯಾಗಿ ಹಿಡಿದು ಬಿಡಿ, ನಡುವೆ ತಣಿಯಲು ಬಿಡಿ. ಮುಂಗಾರಿನ ಮೊದಲ ಮಳೆಯ ದಿನ ಇನ್ನಷ್ಟು ಎಚ್ಚರ ಬೇಕು. ತಿಂಗಳುಗಳ ಧೂಳು, ಎಣ್ಣೆ ನೀರಿನೊಡನೆ ಬೆರೆತು ರಸ್ತೆ ಲೋಳೆಯಾಗಿರುತ್ತದೆ.

ಸಾಕುವುದು

ಟೈರಿನ ಗಾಳಿಯನ್ನು ವಾರಕ್ಕೊಮ್ಮೆ, ಟೈರ್ ತಣ್ಣಗಿರುವಾಗ ನೋಡಿ. ಬಂಕಿನವರ ಅಂದಾಜು ಬೇಡ, ಬೈಕಿನ ಮೇಲೆ ಅಂಟಿಸಿದ ಚೀಟಿಯ ಅಳತೆಯೇ ಬೇಕು. ಸ್ವಂತಕ್ಕೊಂದು ಗೇಜ್ ಕೊಳ್ಳಿ.

ಚೈನಿಗೆ 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ನೆನೆದರೆ ಅಂದೇ, ಅರ್ಧ ಗಂಟೆ ಕೊಡಿ. ಹಿಂಬದಿಯನ್ನು ಪ್ಯಾಡಾಕ್ ಸ್ಟ್ಯಾಂಡಿನ ಮೇಲೆ ಎತ್ತಿ, ಗೇರ್ ನ್ಯೂಟ್ರಲ್ ಮಾಡಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಕೀಲಿಯ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವ ಅಭ್ಯಾಸ ಬೆರಳುಗಳನ್ನು ಕತ್ತರಿಸಿದೆ. ಬಟ್ಟೆಯ ಎಳೆ ಚೈನು ಕೂರುವ ಹಲ್ಲಿನ ಚಕ್ರಕ್ಕೆ, ಅಂದರೆ ಸ್ಪ್ರಾಕೆಟ್ಟಿಗೆ, ಸಿಕ್ಕಿದರೆ ಕೈ ಹಿಂದೆಗೆಯಲು ಸಮಯವಿರುವುದಿಲ್ಲ. ಚಕ್ರವನ್ನು ಕೈಯಿಂದಲೇ ತಿರುಗಿಸಿ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರಿನಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ. ಪೆಟ್ರೋಲ್ ಮತ್ತು ತಂತಿ ಬ್ರಷ್ ಕೊಂಡಿಗಳ ನಡುವಿನ ರಬ್ಬರ್ ಉಂಗುರಗಳನ್ನು ಹಾಳುಮಾಡುತ್ತವೆ. ಬಟ್ಟೆಯಿಂದ ಒರೆಸಿ ಒಣಗಿಸಿ, ಚೈನಿನ ಒಳಭಾಗಕ್ಕೆ ಲೂಬ್ ಸಿಂಪಡಿಸಿ. ತಿರುಗಿದಾಗ ಅದೇ ಹೊರಕ್ಕೆ ಹರಡುತ್ತದೆ. ರಾತ್ರಿ ಹಚ್ಚಿ ಬೆಳಿಗ್ಗೆ ಓಡಿಸುವುದು ಉತ್ತಮ. ಹಿಂದಿನ ಟೈರಿಗೆ, ಡಿಸ್ಕಿಗೆ ಒಂದು ಹನಿಯೂ ತಾಗಬಾರದು.

ಆಮೇಲೆ ಸಡಿಲ ನೋಡಿ. ಕೆಳಗಿನ ಚೈನಿನ ನಡುಭಾಗವನ್ನು ಮೇಲೆ ಕೆಳಗೆ ಆಡಿಸಿ, ಎಷ್ಟು ಮಿಲಿಮೀಟರ್ ಆಡುತ್ತದೆ ಎಂದು ಅಳೆಯಿರಿ. ಚಕ್ರ ತಿರುಗಿಸುತ್ತಾ ನಾಲ್ಕು ಕಡೆ ಅಳೆದು, ಅತಿ ಬಿಗಿಯಾದ ಜಾಗದ ಅಳತೆಯನ್ನು ಕೈಪಿಡಿಯ ಅಳತೆಗೆ ಹೋಲಿಸಿ. ಒಂದು ಸರ್ವಿಸ್ ಸೆಂಟರಿನಲ್ಲಿ ನನ್ನ ಚೈನನ್ನು ವೀಣೆಯ ತಂತಿಯಂತೆ ಬಿಗಿದು ಕೊಟ್ಟಿದ್ದರು. ಶಬ್ದ ನಿಂತಿತೆಂದು ನಾನೂ ಸುಮ್ಮನಿದ್ದೆ. ಹಂಪ್ ದಾಟುವಾಗ ಚೈನಿಗೆ ಇನ್ನಷ್ಟು ಉದ್ದ ಬೇಕಾಗುತ್ತದೆ, ಅದು ಸಿಗದಿದ್ದರೆ ಎಳೆತವೆಲ್ಲ ಗೇರ್‌ಬಾಕ್ಸಿನ ಬೇರಿಂಗಿಗೆ ಬೀಳುತ್ತದೆ. ಬೇರಿಂಗ್ ಹೋದ ಮೇಲೆ ಇದು ಅರ್ಥವಾಯಿತು. ತುಸು ಸಡಿಲ ಸಹಿಸಬಹುದು, ಬಿಗಿಯನ್ನು ಸಹಿಸಲಾಗದು. ಹಿಂದಿನ ಸ್ಪ್ರಾಕೆಟ್ಟಿನಿಂದ ಚೈನನ್ನು ಹಿಂದಕ್ಕೆ ಎಳೆದಾಗ ಹಲ್ಲಿನ ಅರ್ಧದಷ್ಟು ಬರಿದಾಗಿ ಕಂಡರೆ ಚೈನಿನ ಆಯಸ್ಸು ಮುಗಿದಿದೆ. ಚೈನು, ಎರಡು ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೇ ಬದಲಿಸಿ.

ಕೂಲೆಂಟನ್ನು ಎಂಜಿನ್ ತಣ್ಣಗಿದ್ದಾಗ ಹೊರಗಿನ ಡಬ್ಬಿಯಲ್ಲಿ ನೋಡಿ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ನಲ್ಲಿ ನೀರು ಸೇರಿಸಬೇಡಿ. ಧೂಳಿನ ಹಾದಿಯಲ್ಲಿ ಓಡಾಡುವವರು ಏರ್ ಫಿಲ್ಟರನ್ನು ಸರ್ವಿಸಿನ ಅವಧಿಗೂ ಮೊದಲೇ ನೋಡಬೇಕು. ತೊಳೆಯುವಾಗ ಒತ್ತಡದ ನೀರನ್ನು ಚಕ್ರದ ಬೇರಿಂಗ್, ಚೈನು, ವಿದ್ಯುತ್ ಜೋಡಣೆಗಳಿಗೆ ನೇರ ಹಿಡಿಯಬೇಡಿ.

ಬ್ರೇಕ್ ದ್ರವವನ್ನು ಎರಡು ವರ್ಷಕ್ಕೊಮ್ಮೆ, ಬೈಕು ಓಡದಿದ್ದರೂ, ಬದಲಿಸಿ. ಬಣ್ಣ ಕಂದಾಗಿದ್ದರೆ ಅವಧಿಗೆ ಕಾಯಬೇಡಿ. ಮುಚ್ಚಳದ ಮೇಲೆ ಡಾಟ್ 4 ಎಂದಿದ್ದರೆ ಅದೇ, ಸೀಲ್ ಒಡೆಯದ ಡಬ್ಬಿಯದು. ಇದು ಬಣ್ಣವನ್ನು ತಿನ್ನುತ್ತದೆ, ಟ್ಯಾಂಕಿನ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ. ದ್ರವದ ಮಟ್ಟ ನಿಧಾನವಾಗಿ ಇಳಿದಿದ್ದರೆ ತುಂಬಿಸುವ ಮೊದಲು ಪ್ಯಾಡ್ ನೋಡಿ. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬರುತ್ತದೆ, ಆ ಜಾಗಕ್ಕೆ ದ್ರವ ಇಳಿದಿರುತ್ತದೆ. ಸವೆತದ ಗುರುತಿನ ಗೀರು ಮಾಯವಾಗಿದ್ದರೆ ಪ್ಯಾಡ್ ಬದಲಿಸುವ ಹೊತ್ತು ಬಂದಿದೆ. ಲೋಹ ಲೋಹಕ್ಕೆ ತಾಗುವವರೆಗೆ ಕಾದರೆ ಡಿಸ್ಕೂ ಹೋಗುತ್ತದೆ.

ಹೊಸ ಪ್ಯಾಡ್ ಹಾಕುವಾಗ ಕ್ಯಾಲಿಪರಿನ ಪಿಸ್ಟನ್ನನ್ನು ಒಳಕ್ಕೆ ತಳ್ಳಿರುತ್ತಾರೆ. ಹೀಗಾಗಿ ಗ್ಯಾರೇಜಿನಿಂದ ಹೊರಡುವಾಗ ಮೊದಲ ಸಲ ಲಿವರ್ ಒತ್ತಿದರೆ ಅದು ಬರಿದೇ ಹ್ಯಾಂಡಲಿಗೆ ಬಂದು ತಾಗುತ್ತದೆ. ಬೈಕ್ ಕದಲಿಸುವ ಮೊದಲು, ನಿಂತಲ್ಲೇ, ಲಿವರ್ ಗಟ್ಟಿಯಾಗುವವರೆಗೆ ಹಿಂಡಿ, ಕಾಲಿನ ಪೆಡಲನ್ನೂ ಒತ್ತಿ ನೋಡಿ. ಆಮೇಲೆ ಖಾಲಿ ರಸ್ತೆ ಹುಡುಕಿ, 50ರಿಂದ 10ಕ್ಕೆ, ಹತ್ತು ಹನ್ನೆರಡು ಸಲ.